ಪೇಟೆ ಮನೆ ರಿಪೇರಿ: ಮೇಸ್ತ್ರಿಗೆ ದುಡ್ಡು ಯಾವಾಗ, ಎಷ್ಟು, ಹೇಗೆ ಕೊಡಬೇಕು?

ಅಡಿಕೆ ದುಡ್ಡು ವರ್ಷಕ್ಕೊಂದು ಸಲ ಬರುತ್ತೆ, ಬಾಡಿಗೆ ತಿಂಗಳಿಗೊಂದು ಸಲ. ಅದಕ್ಕೇ ನಮ್ಮ ಕಡೆ ಕೈಯಲ್ಲಿ ನಾಲ್ಕು ಕಾಸು ಉಳಿದವರು ತಾಲೂಕು ಕೇಂದ್ರದಲ್ಲಿ ಒಂದು ಹಳೇ ಮನೆ ತಗೊಂಡು, ರಿಪೇರಿ ಮಾಡಿಸಿ ಬಾಡಿಗೆಗೆ ಬಿಡ್ತಾರೆ. ಯೋಚನೆ ಒಳ್ಳೇದೇ. ಆದ್ರೆ ದುಡ್ಡು ಹೆಚ್ಚು ಸೋರೋದು ಮನೆ ಕೊಳ್ಳುವಾಗ ಅಲ್ಲ, ರಿಪೇರಿ ಮಾಡಿಸುವಾಗ. ಕಳೆದ ವರ್ಷ ತರೀಕೆರೆಯಲ್ಲಿ ನಮ್ಮ ಎಂಟು ಚದರದ ಹಳೇ ಆರ್‌ಸಿಸಿ ಮನೆಯ ಕೆಲಸ ಮಾಡಿಸಿದೆ. ಮೇಸ್ತ್ರಿ ಜೊತೆ ಲೆಕ್ಕ ಹೇಗಿಟ್ಟುಕೊಂಡೆ ಅಂತ ಈ ವಾರ ಬರೀತಿದ್ದೀನಿ. ಗೋಡೌನ್, ದನದ ಕೊಟ್ಟಿಗೆ, ಹೋಂಸ್ಟೇ ಕೆಲಸಕ್ಕೂ ಇದೇ ಲೆಕ್ಕ ಆಗುತ್ತೆ.

ಮೊದಲು ಬಾಡಿಗೆ ಲೆಕ್ಕ, ಆಮೇಲೆ ಸುತ್ತಿಗೆ

ಮಣ್ಣು ಪರೀಕ್ಷೆ ಮಾಡಿಸದೆ ಗೊಬ್ಬರ ಹಾಕಬೇಡಿ ಅಂತೀವಲ್ಲ, ಇಲ್ಲೂ ಹಾಗೇ. ನಮ್ಮ ಮನೆಗೆ 6,000 ರೂಪಾಯಿ ಬಾಡಿಗೆ ಬರ್ತಿತ್ತು. ರಿಪೇರಿ ಆದ್ರೆ 11,000 ಸಿಗುತ್ತೆ ಅಂತ ಅಕ್ಕಪಕ್ಕದ ಬೀದಿಯಲ್ಲಿ ವಿಚಾರಿಸಿ ತಿಳ್ಕೊಂಡೆ. ಅಂದ್ರೆ ಹೆಚ್ಚುವರಿ ಆದಾಯ ತಿಂಗಳಿಗೆ 5,000, ವರ್ಷಕ್ಕೆ 60,000. ಮೊದಲು ಬಂದ ಅಂದಾಜು 7 ಲಕ್ಷ. ಹಾಕಿದ ದುಡ್ಡು ವಾಪಸ್ ಬರೋಕೆ ಹನ್ನೊಂದೂವರೆ ವರ್ಷಕ್ಕಿಂತ ಹೆಚ್ಚು ಬೇಕು!

ಪಟ್ಟಿಯನ್ನ ಇನ್ನೊಂದ್ ಸಲ ನೋಡಿದೆ. ಫಾಲ್ಸ್ ಸೀಲಿಂಗ್, ಮಾಡ್ಯುಲರ್ ಅಡುಗೆಮನೆ, ಮುಂಬಾಗಿಲಿಗೆ ಕೆತ್ತನೆ ಎಲ್ಲಾ ತೆಗೆದ ಮೇಲೆ 5.4 ಲಕ್ಷಕ್ಕೆ ಇಳೀತು, ಲೆಕ್ಕ ಒಂಬತ್ತು ವರ್ಷಕ್ಕೆ ಬಂತು. ಬಾಡಿಗೆಗೆ ಬರೋ ಮೇಷ್ಟ್ರು, ಬ್ಯಾಂಕಿನವರು ಕೇಳೋದು ನೀರು ಬರುತ್ತಾ, ಮಳೆಗೆ ಸೋರುತ್ತಾ, ಬಾತ್‌ರೂಮ್ ಚೆನ್ನಾಗಿದೆಯಾ, ಇಷ್ಟೇ. ನಾವು ವಾಸ ಮಾಡೋ ಮನೆಗೂ ಬಾಡಿಗೆ ಮನೆಗೂ ಇರೋ ವ್ಯತ್ಯಾಸ ಇದು.

ಗೋಡೆ ಒಡೆದು ರೂಮ್ ದೊಡ್ಡದು ಮಾಡೋದು, ಮೇಲೆ ಇನ್ನೊಂದು ಮಹಡಿ ಹಾಕೋದು ನಿಮ್ಮ ಯೋಚನೆ ಆಗಿದ್ರೆ ಮೊದಲು ಎಂಜಿನಿಯರ್‌ಗೆ ತೋರಿಸಿ, ಪುರಸಭೆಯಲ್ಲಿ ಪರವಾನಗಿ ವಿಚಾರಿಸಿ.

ಯಾವ ಗುತ್ತಿಗೆ ಒಳ್ಳೇದು?

ಮೂರು ದಾರಿ ಇದೆ.

1. ದಿನಗೂಲಿ: ಸಣ್ಣಪುಟ್ಟ ಕೆಲಸಕ್ಕೆ ಸರಿ. ನೀವು ಅಲ್ಲೇ ನಿಂತಿರಬೇಕು.
2. ಲೇಬರ್ ಗುತ್ತಿಗೆ: ಸಾಮಾನು ನಮ್ದು, ಕೂಲಿ ಅವರದ್ದು.
3. ಸಾಮಾನು ಸಮೇತ ಗುತ್ತಿಗೆ: ತಲೆನೋವು ಕಡಿಮೆ. ಆದ್ರೆ ಸಿಮೆಂಟ್ ಯಾವುದು, ವೈರ್ ಯಾವುದು, ಪೈಪ್ ಯಾವುದು ಅಂತ ಕಂಪನಿ, ಅಳತೆ ಸಮೇತ ಬರೆಸಿಕೊಳ್ಳದಿದ್ರೆ ಕಷ್ಟ.

ನಾನು ಆರಿಸಿಕೊಂಡಿದ್ದು ಎರಡನೇದು. ಗಾರೆ, ಪ್ಲಂಬಿಂಗ್, ಟೈಲ್ಸ್ ಮೂರೂ ಸೇರಿ ಒಬ್ಬ ಮೇಸ್ತ್ರಿಗೆ 2 ಲಕ್ಷಕ್ಕೆ ಕೂಲಿ ಗುತ್ತಿಗೆ. ವೈರಿಂಗ್, ಪೇಂಟಿಂಗ್ ಬೇರೆಯವರಿಗೆ. ಮೂವರು ಮೇಸ್ತ್ರಿಗಳನ್ನ ಮನೆಗೇ ಕರೆಸಿ, ಒಂದೇ ಪಟ್ಟಿ ಕೈಗೆ ಕೊಟ್ಟು ರೇಟ್ ಕೇಳಿದ್ದೆ. ಪಟ್ಟಿ ಒಂದೇ ಇದ್ರೆ ಮಾತ್ರ ರೇಟನ್ನ ಹೋಲಿಸೋಕಾಗುತ್ತೆ. ಎಲ್ಲರಿಗಿಂತ ಕಡಿಮೆ ಹೇಳಿದವರು ಹಳೇ ಗಾರೆ ಒಡೆದ ಕಸ ಸಾಗಿಸೋದನ್ನ ಲೆಕ್ಕಕ್ಕೇ ಹಿಡಿದಿರಲಿಲ್ಲ. ಕೊನೆಗೆ ಆ ಖರ್ಚು ನಮ್ಮ ತಲೆ ಮೇಲೇ ಬರೋದು.

ಅಳತೆ ಹೇಗೆ ಅನ್ನೋದೂ ಮೊದಲೇ ಇತ್ಯರ್ಥ ಆಗಲಿ. ಪ್ಲಾಸ್ಟರಿಂಗ್‌ನಲ್ಲಿ ಬಾಗಿಲು, ಕಿಟಕಿ ಜಾಗ ಕಳೀತೀರಾ ಇಲ್ವಾ? ಸ್ಕರ್ಟಿಂಗ್ ರನ್ನಿಂಗ್ ಫೀಟ್ ಲೆಕ್ಕವೋ, ಚದರಡಿ ಲೆಕ್ಕವೋ? ಜಗಳ ಜಾಸ್ತಿ ಆಗೋದು ಈ ಎರಡು ಕಡೆ.

ಅಡ್ವಾನ್ಸ್: ಇಲ್ಲಿ ಹುಷಾರು

ಪಕ್ಕದ ಊರಿನ ನನ್ನ ಸ್ನೇಹಿತ ಒಬ್ಬ, ಶುಂಠಿ ದುಡ್ಡು ಕೈಗೆ ಬಂದ ಖುಷಿಯಲ್ಲಿ ಗುತ್ತಿಗೆಯ ಅರ್ಧಕ್ಕಿಂತ ಹೆಚ್ಚು ಹಣವನ್ನ ಮೇಸ್ತ್ರಿಗೆ ಮೊದಲೇ ಕೊಟ್ಟ. ಹೆಂಚು ಇಳಿಸಿದ ಮೇಲೆ ಮೇಸ್ತ್ರಿ ಇನ್ನೊಂದು ಕೆಲಸ ಹಿಡಿದು ಹೋದ್ರು. ಜೂನ್ ಮಳೆ ಬಂದಾಗ ಮನೆ ಮೇಲೆ ಇದ್ದಿದ್ದು ಟಾರ್ಪಾಲ್ ಮಾತ್ರ. ಮಣ್ಣಿನ ಗೋಡೆ ಎರಡು ಕಡೆ ಕುಸೀತು. ಆ ಮೇಸ್ತ್ರಿ ಮೋಸಗಾರ ಅಂತ ಹೇಳೋಕೆ ನಾನು ಹೋಗಲ್ಲ. ಒಂದು ಕೆಲಸದ ಅಡ್ವಾನ್ಸಿನಲ್ಲಿ ಹಿಂದಿನ ಕೆಲಸದ ಬಾಕಿ ತೀರಿಸೋದು ಈ ಕಸುಬಿನಲ್ಲಿ ಸಾಮಾನ್ಯ. ದುಡ್ಡು ಕೆಲಸಕ್ಕಿಂತ ಮುಂದೆ ಓಡಿದ್ರೆ ಕೆಲಸ ಹಿಂದೆ ಬೀಳುತ್ತೆ, ಅಷ್ಟೇ.

ನಾನು 2 ಲಕ್ಷವನ್ನ ಹೀಗೆ ಐದು ಕಂತು ಮಾಡಿದೆ:

- ಕೆಲಸ ಶುರುವಾದ ದಿನ: 20,000
- ಒಡೆದು, ಕಸ ಸಾಗಿಸಿ, ಪೈಪ್ ಹಾಕಿ, ಪ್ರೆಷರ್ ಟೆಸ್ಟ್ ಮುಗಿದಾಗ: 50,000
- ಪ್ಲಾಸ್ಟರಿಂಗ್, ಬಾತ್‌ರೂಮ್ ಮತ್ತು ತಾರಸಿ ವಾಟರ್‌ಪ್ರೂಫಿಂಗ್ ಮುಗಿದಾಗ: 60,000
- ಟೈಲ್ಸ್, ನಲ್ಲಿ ಫಿಟ್ಟಿಂಗ್ ಮುಗಿದಾಗ: 50,000
- ಮೊದಲ ಜೋರು ಮಳೆ ಕಳೆದು, ಸೋರಿಕೆ ಇಲ್ಲ ಅಂತ ಖಾತ್ರಿ ಆದಾಗ: 20,000

ಕೊನೆಯ 10% ಹಿಡಿದಿಡೋದನ್ನ ಮೊದಲ ದಿನವೇ ಬಾಯಿಬಿಟ್ಟು ಹೇಳಿ. ಕೆಲಸ ಮುಗಿದ ಮೇಲೆ ಹೇಳಿದ್ರೆ ಅದು ಅನ್ಯಾಯ. ಮಳೆ ಕಳೆದ ಮೇಲೆ ಅವರಾಗಿ ಫೋನ್ ಮಾಡೋ ತನಕ ಕಾಯಿಸಬೇಡಿ, ನೀವೇ ಕರೆದು ಕೊಡಿ.

ಶನಿವಾರದ ಬಟವಾಡೆ

ಕಂತು ಮುಗಿಯೋ ತನಕ ದುಡ್ಡೇ ಇಲ್ಲ ಅಂದ್ರೆ ಆಗಲ್ಲ. ಮೇಸ್ತ್ರಿ ಪ್ರತಿ ಶನಿವಾರ ಗಾರೆಯವರಿಗೆ, ಕೈಯಾಳುಗಳಿಗೆ ಬಟವಾಡೆ ಮಾಡಲೇಬೇಕು. ಅದಕ್ಕೆ ಒಂದು ಮಿತಿ ಹಾಕ್ಕೊಂಡೆ. ನಡೀತಿರೋ ಕಂತಿನ 80% ತನಕ ವಾರವಾರ ಕೊಡೋದು, ಉಳಿದ 20% ಆ ಹಂತ ಪೂರ್ತಿಯಾದ ದಿನ. 50,000ದ ಕಂತಾದ್ರೆ ಶನಿವಾರಗಳಲ್ಲಿ ಒಟ್ಟು 40,000, ಮುಗಿದ ದಿನ 10,000. ಕೆಲಸ ನಿಧಾನ ಆದ್ರೆ ಮಿತಿ ಬೇಗ ಮುಟ್ಟುತ್ತೆ, ಮೇಸ್ತ್ರಿಗೇ ಅರ್ಥ ಆಗುತ್ತೆ.

ಮೂರನೇ ಕಂತು ನಡೀತಿದ್ದಾಗ ಒಂದು ವಿಷಯ ಗೊತ್ತಾಯ್ತು. ಕಲಬುರಗಿ ಕಡೆಯಿಂದ ಬಂದಿದ್ದ ಇಬ್ಬರು ಕೈಯಾಳುಗಳು ಸಂಜೆ ನನ್ನ ಹತ್ರ ಬಂದು, "ಅಣ್ಣಾರ, ಎರಡ್ ವಾರದ ಪಗಾರ ಬಂದಿಲ್ರೀ, ಊರಿಗೆ ರೊಕ್ಕ ಕಳಸಬೇಕ್ರೀ" ಅಂದ್ರು. ನಾನು ಆ ಎರಡೂ ಶನಿವಾರ ಮೇಸ್ತ್ರಿಗೆ ದುಡ್ಡು ಕೊಟ್ಟಿದ್ದೆ, ಯುಪಿಐ ದಾಖಲೆ ಇತ್ತು. ಕಾಗದದ ಲೆಕ್ಕದಲ್ಲಿ ನನ್ನ ಜವಾಬ್ದಾರಿ ಮುಗಿದಿತ್ತು. ಆದ್ರೆ ಅವರು ಗಾರೆ ಹೊತ್ತಿದ್ದು ನಮ್ಮ ಮನೆಗೆ. ಮಂಡಿಯವರು ನಮ್ಮ ಬಾಕಿ ತಿಂಗಳುಗಟ್ಟಲೆ ಇಟ್ಟುಕೊಂಡಾಗ ಹೇಗನ್ಸುತ್ತೆ ಅಂತ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಮೇಸ್ತ್ರಿಯನ್ನ ಎಲ್ಲರ ಮುಂದೆ ಬೈಯಲಿಲ್ಲ, ಪಕ್ಕಕ್ಕೆ ಕರೆದು ಕೇಳಿದೆ. ಅವರ ಹಿಂದಿನ ಸೈಟಿನ ಮಾಲೀಕರು ದುಡ್ಡು ನಿಲ್ಲಿಸಿದ್ರಂತೆ, ಅಲ್ಲಿನ ಆಳುಗಳಿಗೆ ಇಲ್ಲಿಯ ದುಡ್ಡು ಹೋಗಿತ್ತು. ಅವರ ಒಪ್ಪಿಗೆ ಮೇಲೆ, ಆ ವಾರದ ಬಟವಾಡೆಯಿಂದ ಇಬ್ಬರ ಬಾಕಿಯನ್ನ ನೇರವಾಗಿ ಅವರ ಫೋನಿಗೆ ಹಾಕಿದೆ, ಉಳಿದಿದ್ದನ್ನ ಮೇಸ್ತ್ರಿಗೆ ಕೊಟ್ಟೆ. ಅಷ್ಟನ್ನೂ ವಾಟ್ಸಾಪ್‌ನಲ್ಲಿ ಬರೆದು ಮೇಸ್ತ್ರಿಯಿಂದ "ಸರಿ" ಅಂತ ಹಾಕಿಸಿಕೊಂಡೆ. ಮುಂದಿನ ವಾರದಿಂದ ಬಟವಾಡೆ ಸೈಟಿನಲ್ಲೇ, ಎಲ್ಲರ ಎದುರಿಗೇ. ಕೆಲಸ ಒಂದು ದಿನವೂ ನಿಲ್ಲಲಿಲ್ಲ. ಮೇಸ್ತ್ರಿ ಒಪ್ಪಿಗೆ ಇಲ್ಲದೆ ಮಾತ್ರ ಹೀಗೆ ಕಡಿತ ಮಾಡಬೇಡಿ, ಆಮೇಲೆ ಲೆಕ್ಕ ಜಗಳಕ್ಕೆ ಹೋಗುತ್ತೆ.

ದುಡ್ಡು ಬಿಡೋ ಮೊದಲು ಪರೀಕ್ಷೆ

- ಪೈಪ್: ಗೋಡೆ ಮುಚ್ಚೋ ಮೊದಲು ಪ್ರೆಷರ್ ಟೆಸ್ಟ್. ಎಲ್ಲಾ ಗೋಡೆಯ ಪೈಪ್, ವೈರ್ ದಾರಿಯ ಫೋಟೋ ತೆಗೆದಿಡಿ. ಮುಂದೆ ಡ್ರಿಲ್ ಮಾಡುವಾಗ ಬೇಕಾಗುತ್ತೆ.
- ಬಾತ್‌ರೂಮ್: ಟೈಲ್ಸ್ ಹಾಕೋ ಮೊದಲು ನೀರು ಕಟ್ಟಿ ಕನಿಷ್ಠ 24 ಗಂಟೆ ಬಿಡಿ.
- ಪ್ಲಾಸ್ಟರ್: ಕನಿಷ್ಠ ಏಳು ದಿನ ನೀರು ಹೊಡೀಬೇಕು. ಬೇಸಿಗೆಯಲ್ಲಿ ಇನ್ನೂ ಹೆಚ್ಚು. ನೀರು ಹೊಡೆಯೋರು ಯಾರು ಅನ್ನೋದು ಗುತ್ತಿಗೆಯಲ್ಲೇ ಇರಲಿ.
- ಟೈಲ್ಸ್: ನಾಣ್ಯದಿಂದ ತಟ್ಟಿ. ಟೊಳ್ಳು ಶಬ್ದ ಬಂದ ಕಡೆ ಸೀಮೆಸುಣ್ಣದ ಗುರುತು ಹಾಕಿ.
- ವೈರಿಂಗ್: ಗೀಸರ್‌ಗೆ 4 ಚದರ ಮಿಮೀ ವೈರ್, ಅರ್ಥಿಂಗ್, ಆರ್‌ಸಿಸಿಬಿ ಇದೆಯಾ ನೋಡಿ. ಬಾಡಿಗೆದಾರರ ಜೀವದ ಪ್ರಶ್ನೆ ಇದು.

ನಡುವೆ ಬರೋ ಹೆಚ್ಚುವರಿ ಕೆಲಸ

ಹಳೇ ಮನೆ ಅಂದ್ಮೇಲೆ ಒಡೆದಾಗ ಏನಾದ್ರೂ ಇದ್ದೇ ಇರುತ್ತೆ. ನಮ್ಮಲ್ಲಿ ಅಡುಗೆಮನೆ ಸೂರಿನ ಗಾರೆ ಉದುರಿ, ತುಕ್ಕು ಹಿಡಿದ ಕಬ್ಬಿಣ ಕಾಣಿಸ್ತು. ಮೇಸ್ತ್ರಿ 35,000 ಹೆಚ್ಚುವರಿ ಕೂಲಿ ಕೇಳಿದ್ರು. ಎಂಜಿನಿಯರ್ ಕರೆಸಿ ಎಷ್ಟು ಜಾಗ ಕೆಟ್ಟಿದೆ ಅಂತ ಅಳೆಸಿದ ಮೇಲೆ 28,000ಕ್ಕೆ ಒಪ್ಪಂದ ಆಯ್ತು. ನಿಯಮ ಒಂದೇ: ಏನು ಕೆಲಸ, ಎಷ್ಟು ದುಡ್ಡು, ಎಷ್ಟು ದಿನ, ಇದು ಮೂರೂ ಬರಹದಲ್ಲಿ ಬರೋ ತನಕ ಹೆಚ್ಚುವರಿ ಕೆಲಸ ಶುರು ಮಾಡಿಸಬೇಡಿ. ಇಂಥದ್ದಕ್ಕೆ ಒಟ್ಟು ಬಜೆಟ್ಟಿನ 10% ಪಕ್ಕಕ್ಕೆ ಇಟ್ಟಿರಿ.

ತೆರಿಗೆ ಬಗ್ಗೆ ಎರಡು ಮಾತು

ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ, ಬಾಡಿಗೆ ಆದಾಯ ಮಾತ್ರ ತೆರಿಗೆ ಲೆಕ್ಕಕ್ಕೆ ಬರುತ್ತೆ. ಮನೆ ಕಂದಾಯ ಕಳೆದ ಮೇಲೆ 30% ಕಡಿತ ಹೇಗೂ ಸಿಗುತ್ತೆ, ಅದಕ್ಕೆ ರಿಪೇರಿ ಬಿಲ್ ಬೇಕಿಲ್ಲ. ಹಾಗಂತ ಬಿಲ್ ಬಿಸಾಕಬೇಡಿ. ಮುಂದೆ ಮನೆ ಮಾರಿದಾಗ, ಮನೆಯ ಮೌಲ್ಯ ಹೆಚ್ಚಿಸಿದ ಖರ್ಚನ್ನ ಲಾಭದಿಂದ ಕಳೆಯೋಕೆ ಅದೇ ಆಧಾರ. ಒಂದೇ ವ್ಯವಹಾರಕ್ಕೆ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯೋದು ಕಾನೂನಿಗೆ ವಿರುದ್ಧ, ದಂಡ ಬೀಳೋದು ತಗೊಂಡವರಿಗೆ. ಬ್ಯಾಂಕ್ ಅಥವಾ ಯುಪಿಐ ಮೂಲಕ ಕೊಟ್ರೆ ಇಬ್ಬರಿಗೂ ಕ್ಷೇಮ.

ಅಡಿಕೆ ಚೇಣಿ ಕೊಡುವಾಗ ಕಂತು, ತಾರೀಖು, ಸಾಕ್ಷಿ ಎಲ್ಲಾ ನೋಡ್ತೀವಿ. ಮನೆ ಗುತ್ತಿಗೆಗೂ ಅಷ್ಟೇ ಶಿಸ್ತು ಸಾಕು. ಈ ಬೇಸಿಗೆಯಲ್ಲಿ ಕೆಲಸ ಹಿಡಿಯೋ ಯೋಚನೆ ಇದ್ರೆ, ಮೇಸ್ತ್ರಿಗೆ ಫೋನ್ ಮಾಡೋ ಮೊದಲು ಒಂದು ಹಾಳೆಯಲ್ಲಿ ಕೆಲಸದ ಪಟ್ಟಿ, ಐದು ಕಂತು, ಪ್ರತಿ ಕಂತಿಗೊಂದು ಪರೀಕ್ಷೆ ಬರೆದುಕೊಳ್ಳಿ. ಮೇ ತಿಂಗಳ ಒಳಗೆ ತಾರಸಿ ಕೆಲಸ ಮುಗೀಬೇಕು ಅನ್ನೋದನ್ನ ಆ ಹಾಳೆಯ ಮೊದಲ ಸಾಲಿನಲ್ಲೇ ಬರೀರಿ.