ಸಹಕಾರ ಸಾರಿಗೆ: ನಿಂತ ಚಕ್ರ ಕಲಿಸಿದ ಲೆಕ್ಕ

ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ, ಈ ಮೂರು ಪಟ್ಟಣಗಳಿಗೂ ರೈಲಿಲ್ಲ. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಓಡುತ್ತಿದ್ದ ಕಿರುರೈಲು ಎಂದೋ ನಿಂತಿದೆ. ಅಡಿಕೆ ಬೆಳೆಗಾರನು ಪೇಟೆಗೆ ಬರಲು, ವರ್ತಕನ ಪಾರ್ಸೆಲ್ ಹಳ್ಳಿಯ ಅಂಗಡಿಗೆ ತಲಪಲು ಬಸ್ಸೇ ಬೇಕು. ಆದುದರಿಂದ ಇಲ್ಲಿ ಒಂದು ಬಸ್ ಸಂಸ್ಥೆ ಮುಚ್ಚಿದರೆ ಅದರ ಪೆಟ್ಟು ಇಡೀ ಪೇಟೆಗೆ ಬೀಳುತ್ತದೆ.

ಶಂಕರ್ ಟ್ರಾನ್ಸ್‌ಪೋರ್ಟ್ ಕಂಪನಿ ಮುಚ್ಚಿದಾಗ ಬಂದದ್ದು ಅಂತಹುದೇ ಸಂಕಟ. ಅದರ ಕಾರ್ಮಿಕರು ಕೈಕಟ್ಟಿ ಕೂರಲಿಲ್ಲ. 1991ರಲ್ಲಿ ಕೊಪ್ಪದಲ್ಲಿ ಸಾರಿಗೆ ಸಹಕಾರ ಸಂಘವನ್ನು ಕಟ್ಟಿ, ಆರು ಬಸ್ಸುಗಳೊಂದಿಗೆ ಸೇವೆಯನ್ನು ಪುನರಾರಂಭಿಸಿದರು. ಚಾಲಕ, ನಿರ್ವಾಹಕರೇ ಮಾಲೀಕರಾದ ಈ ‘ಸಹಕಾರ ಸಾರಿಗೆ’ ಮುಂದೆ ಎಪ್ಪತ್ತಕ್ಕೂ ಹೆಚ್ಚು ಬಸ್ಸುಗಳಿಗೆ ಬೆಳೆಯಿತು. ವಿದ್ಯಾರ್ಥಿಗಳಿಗೆ ರಿಯಾಯಿತಿ ನೀಡುತ್ತಲೇ ಕುಗ್ರಾಮಗಳನ್ನು ಮುಟ್ಟಿತು. ಆದರೆ ಡೀಸೆಲ್ ಮುಂತಾದ ವೆಚ್ಚಗಳು ಏರಿ ನಷ್ಟ ಬೆಳೆದು, 2020ರ ಫೆಬ್ರವರಿಯಲ್ಲಿ ಸಂಚಾರ ಸ್ಥಗಿತಗೊಂಡಿತು.

ಇಪ್ಪತ್ತೊಂಬತ್ತು ವರ್ಷಗಳ ಈ ಸಾಧನೆಯನ್ನು ಸೋಲೆಂದು ತಳ್ಳಿಹಾಕುವಂತಿಲ್ಲ. ಕೈಬಿಟ್ಟ ಉದ್ಯಮವನ್ನು ಎಬ್ಬಿಸಲು ಒಗ್ಗಟ್ಟು ಸಾಕು, ಉಳಿಸಲು ಬಂಡವಾಳ ಬೇಕು ಎಂಬುದೇ ಇದರ ಪಾಠ. ಬಸ್ಸು ಸವೆಯುವ ಆಸ್ತಿ. ಆದಾಯ ತೆರಿಗೆ ನಿಯಮಗಳು ಬಾಡಿಗೆಗೆ ಓಡುವ ಬಸ್ಸಿಗೆ ಶೇ. 30ರ ಸವಕಳಿಯನ್ನು ಒಪ್ಪುತ್ತವೆ. ಮೂರು ವರ್ಷಗಳಲ್ಲಿ ಪುಸ್ತಕ ಮೌಲ್ಯ ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಸವಕಳಿಯನ್ನು ಲೆಕ್ಕದಲ್ಲಿ ಬರೆದರಷ್ಟೇ ಸಾಲದು, ಆ ಮೊತ್ತವನ್ನು ಹೊಸ ಬಸ್ಸಿಗಾಗಿ ಪ್ರತ್ಯೇಕ ನಿಧಿಯಲ್ಲಿ ಇಡಬೇಕು. ಮಾಡದಿದ್ದರೆ ಲಾಭವೆಂದು ಕಾಣುವುದು ವಾಸ್ತವವಾಗಿ ಬಂಡವಾಳವೇ ಕರಗಿದ ಹಣ.

ಎರಡನೆಯದು, ಷೇರುದಾರರು ಯಾರಾಗಬೇಕೆಂಬ ಪ್ರಶ್ನೆ. ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ ಮ್ಯಾಡ್ ರಿವರ್ ಗ್ಲೆನ್ ಎಂಬ ಸಣ್ಣ ಹಿಮಜಾರಾಟದ ತಾಣವಿದೆ. 1995ರಲ್ಲಿ ಅದನ್ನು ಅಲ್ಲಿಗೆ ಬರುವ ಗ್ರಾಹಕರೇ ಷೇರು ಹಾಕಿ ಸಹಕಾರಿಯಾಗಿ ಕೊಂಡರು. ಇಂದಿಗೂ ಅವರೇ ಒಡೆಯರು. ಕೊಪ್ಪದಲ್ಲಿ ಹೊರೆ ಬಿದ್ದದ್ದು ದುಡಿಯುವವರ ಹೆಗಲಿಗೆ. ಬಸ್ಸಿನಿಂದ ಲಾಭ ಪಡೆದ ಪೇಟೆ ಪ್ರಯಾಣದರ ಕೊಟ್ಟು ಸುಮ್ಮನಿತ್ತು.

2023ರ ಜೂನ್‌ನಿಂದ ಸರಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣವಿದೆ. ಆದ್ದರಿಂದ ಹೊಸ ಪ್ರಯತ್ನವು ಸರಕಾರಿ ಬಸ್ಸು ಹೋಗದ ಒಳದಾರಿಗಳನ್ನೂ ಪಾರ್ಸೆಲ್ ಆದಾಯವನ್ನೂ ನೆಚ್ಚಬೇಕಾದೀತು. ಅಂತಹ ಸಂಘವೊಂದು ಮತ್ತೆ ಹುಟ್ಟುವುದಾದರೆ, ಅದರ ಮೊದಲ ಷೇರುಪತ್ರಗಳು ವರ್ತಕರ ಹೆಸರಿನಲ್ಲಿರಲಿ. ಗಿರಾಕಿಯನ್ನು ಅಂಗಡಿಯ ಬಾಗಿಲಿಗೆ ತರುವ ಬಸ್ಸು ಅಂಗಡಿಯ ಬಂಡವಾಳದ ಒಂದು ಭಾಗವೇ ಆಗಿದೆ.