ಜೀಪಿನಲ್ಲಿ ವೈರ್‌ಲೆಸ್ ಸೆಟ್

ನನ್ನ ಸೋದರಳಿಯ ಬೋಡಿಮೆಟ್ಟಿನ ಆಚೆಯ ಒಂದು ಏಲಕ್ಕಿ ತೋಟದ ಜೀಪು ಓಡಿಸುತ್ತಿದ್ದ. ಅದರಲ್ಲಿ ವೈರ್‌ಲೆಸ್ ಸೆಟ್ ಇತ್ತು. ಮಳೆಗಾಲದ ಒಂದು ಸಂಜೆ ಮರ ಬಿದ್ದು ದಾರಿ ಕಟ್ಟಿತು. ಹಿಂದಿನ ಸೀಟಿನಲ್ಲಿ ಕಾಲು ಮುರಿದ ಕೂಲಿ ಹೆಂಗಸು. "ಎಲ್ಲಿದ್ದೀರಿ?" ಎಂದು ತೋಟದ ಆಫೀಸಿನವರು ಕೇಳುವುದು ಇವನಿಗೆ ಸ್ಪಷ್ಟವಾಗಿ ಕೇಳಿಸುತ್ತಿದೆ, ಇವನು ಕೂಗಿದ್ದು ಮಾತ್ರ ಅವರಿಗೆ ಮುಟ್ಟುತ್ತಿಲ್ಲ. ಹೀಗೇ ಎರಡು ಗಂಟೆ ಹೋಯಿತು. "ಸೆಟ್ ಚೆನ್ನಾಗೇ ಇತ್ತು ಮಾವ, ಕೇಳಿಸ್ತಿತ್ತಲ್ಲ" ಎಂದು ಆಮೇಲೆ ನನ್ನೊಡನೆ ವಾದಿಸಿದ.

ಕೇಳಿಸಿದ ಮಾತ್ರಕ್ಕೆ ಹೇಳಲೂ ಆಗುತ್ತದೆ ಎಂದಲ್ಲ. ಕೇಳುವಾಗ ಸೆಟ್ಟಿಗೆ ಬೇಕಾದ ಕರೆಂಟು ಅತ್ಯಲ್ಪ. ಮೈಕಿನ ಗುಂಡಿ ಒತ್ತಿದೊಡನೆ, 50 ವ್ಯಾಟಿನ ಸೆಟ್ಟಾದರೆ 10 ಆಂಪಿಯರಿಗೂ ಹೆಚ್ಚು ಎಳೆಯುತ್ತದೆ. ಆ ಜೀಪಿನಲ್ಲಿ ಹಾರನ್ನಿನ ಸಣ್ಣ ವೈರಿನಿಂದಲೇ ಕರೆಂಟು ತೆಗೆದಿದ್ದರು. ಗುಂಡಿ ಒತ್ತಿದಾಗ ವೋಲ್ಟೇಜು ಕುಸಿದು ಸೆಟ್ ಬಾಯಿ ಮುಚ್ಚುತ್ತಿತ್ತು. ಸರಿಯಾದ ಕ್ರಮವೆಂದರೆ ದಪ್ಪ ವೈರುಗಳನ್ನು ಬ್ಯಾಟರಿಯಿಂದಲೇ ನೇರವಾಗಿ ತರಬೇಕು, ಬ್ಯಾಟರಿಗೆ ತೀರ ಹತ್ತಿರದಲ್ಲಿ ಫ್ಯೂಸ್ ಹಾಕಬೇಕು. ಫ್ಯೂಸ್ ಸೆಟ್ಟಿನ ಬಳಿ ಮಾತ್ರ ಇದ್ದರೆ ನಡುವೆ ವೈರು ತಗಡಿಗೆ ಉಜ್ಜಿ ಸವೆದಾಗ ಬೆಂಕಿಯನ್ನು ತಡೆಯುವವರಿಲ್ಲ. ವೈರು ತಗಡನ್ನು ದಾಟುವ ತೂತಿಗೆ ರಬ್ಬರ್ ಬಳೆ ಬೇಕು. ಜೀಪು, ಕಾರುಗಳದ್ದು 12 ವೋಲ್ಟ್. ಲಾರಿಗಳದ್ದು ಹೆಚ್ಚಾಗಿ 24. ಲಾರಿಗೆ ವೋಲ್ಟೇಜು ಇಳಿಸುವ ಪೆಟ್ಟಿಗೆಯಿಲ್ಲದೆ ಜೋಡಿಸಿದರೆ ಸೆಟ್ ಸುಟ್ಟಿತೆಂದೇ ತಿಳಿಯಿರಿ.

ಇನ್ನು ಏರಿಯಲ್ಲು. ಜನ ದುಡ್ಡು ಸುರಿಯುವುದು ಸೆಟ್ಟಿಗೆ, ಜಿಪುಣತನ ತೋರುವುದು ಇಲ್ಲಿ. 150 ಮೆಗಾಹರ್ಟ್ಸ್ ಕಂಪನಾಂಕದ ಅಲೆಯ ಉದ್ದ 2 ಮೀಟರು. ಅದರ ಕಾಲುಭಾಗ, ಅಂದರೆ ಸುಮಾರು ಅರ್ಧ ಮೀಟರಿನ ಕಡ್ಡಿ ಸಾಕು. ಆದರೆ ಕಡ್ಡಿಯ ಬುಡದಲ್ಲಿ ಸುತ್ತಲೂ ತಗಡು ಬೇಕು. ಆ ತಗಡು ಏರಿಯಲ್ಲಿನ ಇನ್ನರ್ಧವಿದ್ದಂತೆ. ಆದ್ದರಿಂದಲೇ ತಗಡಿನ ಮಾಡಿನ ನಟ್ಟನಡುವೆ ಅದಕ್ಕೆ ಒಳ್ಳೆಯ ಜಾಗ. ನಮ್ಮ ಕಡೆಯ ಜೀಪುಗಳಿಗೆ ಬಟ್ಟೆಯ ಹುಡ್ಡು! ಅದರ ಕಂಬಿಗೆ ಕಡ್ಡಿ ಕಟ್ಟಿದರೆ ಅರ್ಧ ಶಕ್ತಿ ಪೋಲು. ಅಂಥ ಜೀಪಿಗೆ ಬಾನೆಟ್ಟಿನ ಪಕ್ಕದ ತಗಡೇ ವಾಸಿ. ಕೇಬಲ್ಲು 50 ಓಮಿನದೇ ಆಗಿರಲಿ. ಅದನ್ನು ಮಡಚಿ ಹಿಸುಕಬೇಡಿ, ತುದಿಗೆ ಮಳೆನೀರು ಇಳಿಯದಂತೆ ಟೇಪು ಸುತ್ತಿ. ಏರಿಯಲ್ ಇಲ್ಲದೆ ಗುಂಡಿ ಒತ್ತಿದರೆ ಹೊರಡಬೇಕಾದ ಶಕ್ತಿ ಹಿಂದಿರುಗಿ ಸೆಟ್ಟನ್ನೇ ಕೆಡಿಸಬಹುದು. ಗುಂಡಿ ಒತ್ತಿರುವಾಗ ಯಾರೂ ಕಡ್ಡಿ ಮುಟ್ಟಬಾರದು, ಚರ್ಮ ಸುಡುತ್ತದೆ. ಕಲ್ಲುಕ್ವಾರಿಯಲ್ಲಿ ಕರೆಂಟಿನ ಸಿಡಿಮದ್ದು ಹೂತಿರುವಾಗ ಹತ್ತಿರದಲ್ಲಿ ಮಾತಾಡಲೇಬಾರದು.

ಇಷ್ಟಾದರೂ ಬೆಟ್ಟ ಅಡ್ಡ ಬಂದರೆ ಮಾತು ನಿಲ್ಲುತ್ತದೆ. ಈ ಅಲೆಗಳು ಹೆಚ್ಚುಕಡಿಮೆ ಕಣ್ಣಳತೆಯ ನೇರದಲ್ಲೇ ಸಾಗುತ್ತವೆ. ಕೊಡೈಕಾನಲ್ ಎಫ್‌ಎಂ ಪೆರಿಯಕುಳಂ ದಾಟಿ ದೂರದೂರಕ್ಕೆ ಕೇಳಿಸುವುದು ಅದರ ಗೋಪುರ ಬೆಟ್ಟದ ಮೇಲಿರುವುದರಿಂದ. ಅದೇ ಉಪಾಯವನ್ನು ವೈರ್‌ಲೆಸ್ಸಿನವರೂ ಮಾಡುತ್ತಾರೆ. ಎತ್ತರದಲ್ಲಿ ರಿಪೀಟರ್ ಇಡುತ್ತಾರೆ. ಅದು ಒಂದು ಕಂಪನಾಂಕದಲ್ಲಿ ಕೇಳಿದ್ದನ್ನು ಆ ಕ್ಷಣವೇ ಇನ್ನೊಂದರಲ್ಲಿ ಬಿತ್ತರಿಸುತ್ತದೆ. 2018ರ ಮಾರ್ಚಿಯಲ್ಲಿ ಕುರಂಗಣಿ ಬೆಟ್ಟದ ಕಾಳ್ಗಿಚ್ಚಿಗೆ 20ಕ್ಕೂ ಹೆಚ್ಚು ಚಾರಣಿಗರು ಬಲಿಯಾದರು. ಇಂಥ ಬೆಟ್ಟಗಳಲ್ಲಿ ಸುದ್ದಿ ಬೇಗ ಮುಟ್ಟುವುದಕ್ಕೆ ಎಷ್ಟು ಬೆಲೆಯೆಂದು ನಮ್ಮವರಿಗೆ ಹೇಳಬೇಕಾಗಿಲ್ಲ.

ಅಂಗಡಿಯಲ್ಲಿ ಸಿಕ್ಕಿತೆಂದು ವಾಹನದ ಸೆಟ್ ಕೊಂಡು ಮಾತಾಡುವಂತಿಲ್ಲ. ದೂರಸಂಪರ್ಕ ಇಲಾಖೆಯಿಂದ ಕಂಪನಾಂಕವೂ ಅನುಮತಿಯೂ ಸಿಗಬೇಕು. ಲೈಸೆನ್ಸ್ ಬೇಡದ ಪುಟ್ಟ ಕೈಸೆಟ್ಟುಗಳಿಗೆ 446.0ರಿಂದ 446.2 ಮೆಗಾಹರ್ಟ್ಸ್ ಎಂಬ ಕಿರಿದಾದ ಜಾಗವಿದೆ. ಬೆಟ್ಟದ ಕೆಲಸಕ್ಕೆ ಅದು ಸಾಲದು.

ಮಾತಾಡುವುದೂ ಕಲಿಯತಕ್ಕದ್ದೇ. ಗುಂಡಿ ಒತ್ತಿ, ಒಂದು ಕ್ಷಣ ತಡೆದು ಮಾತು ಶುರು ಮಾಡಿ. ಇಲ್ಲವಾದರೆ ಮೊದಲ ಪದ ನುಂಗಿಹೋಗುತ್ತದೆ. ಮುಗಿಸಿ "ಓವರ್" ಎಂದು ಗುಂಡಿ ಬಿಡಿ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಕೇಳಲೇಬೇಕು. ಎರಡು ಭಾಷೆಯ ನಮಗೆ ಇನ್ನೊಂದು ತೊಡಕಿದೆ. "ಹತ್ತು" ಎಂದರೆ ಕನ್ನಡದಲ್ಲಿ ಸಂಖ್ಯೆಯೂ ಹೌದು, ಮೇಲೇರು ಎಂಬ ಅಪ್ಪಣೆಯೂ ಹೌದು. ತಮಿಳು ಡ್ರೈವರಿಗೆ ಎರಡೂ ಅಲ್ಲ, ಅವನಿಗೆ ಅದು "ಪತ್ತು". ತಿರುವಿನ ನಂಬರು ಹೇಳುವಾಗ "ಒಂದು, ಸೊನ್ನೆ" ಎಂದು ಬಿಡಿಬಿಡಿಯಾಗಿ ಹೇಳಿ, ಆಚೆಯವರಿಂದ ತಿರುಗಿ ಹೇಳಿಸಿ.

ಆ ಹೆಂಗಸು ಬದುಕಿದಳು. ಕಾಲು ಸ್ವಲ್ಪ ಕುಂಟು. ಅಳಿಯ ವೈರನ್ನೆಲ್ಲ ಕಿತ್ತು ಹೊಸದಾಗಿ ಹಾಕಿಸಿದ. ಅಂದಿನಿಂದ ಬೆಟ್ಟ ಹತ್ತುವ ಮುಂಚೆ ಇಂಜಿನ್ ನಿಲ್ಲಿಸಿ, ಆಫೀಸಿಗೆ ಒಂದು ಮಾತು ಹೇಳಿ, ಮರುಮಾತು ಬಂದ ಮೇಲೆಯೇ ಹೊರಡುತ್ತಿದ್ದ.