ಮನೆಯ ಹವಳದ ಅಕ್ವೇರಿಯಂ: ಉಪಕರಣ ಮತ್ತು ಫಿಲ್ಟರ್‌ಗಳ ಆಯ್ಕೆ

ಹವಳದ ಅಕ್ವೇರಿಯಂ ಎಂದರೆ ಉಪ್ಪುನೀರು ತುಂಬಿದ ಗಾಜಿನ ತೊಟ್ಟಿಯಲ್ಲಿ ಕಲ್ಲು, ಬ್ಯಾಕ್ಟೀರಿಯಾ, ಮೀನು, ಸಿಗಡಿ ಮತ್ತು ಹವಳದ ಬಳಗದ ಜೀವಿಗಳನ್ನು ಒಟ್ಟಿಗೆ ಸಾಕುವ ವ್ಯವಸ್ಥೆ. ಕೆರೆ ಹೊಳೆಗಳ ಮೀನುಗಳು ಮಳೆಗಾಲ, ಬೇಸಿಗೆಗಳ ಏರಿಳಿತಕ್ಕೆ ಒಗ್ಗಿಕೊಂಡಿರುತ್ತವೆ. ಹವಳದ ದಿಬ್ಬಗಳ ಜೀವಿಗಳಿಗೆ ಆ ಅಭ್ಯಾಸವಿಲ್ಲ. ಅಲ್ಲಿನ ನೀರಿನ ಉಪ್ಪಿನಂಶ, ಉಷ್ಣತೆ, ಕ್ಷಾರತೆ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತವೆ. ನೂರು ಲೀಟರಿನ ತೊಟ್ಟಿಯಲ್ಲಿ ಅದೇ ಸ್ಥಿರತೆ ತಾನಾಗಿ ಬರುವುದಿಲ್ಲ. ಅದನ್ನು ಉಳಿಸಿಕೊಡುವುದೇ ಪ್ರತಿಯೊಂದು ಉಪಕರಣದ ಕೆಲಸ. ಅಂಗಡಿಯಲ್ಲಿ ಎಷ್ಟೇ ಯಂತ್ರಗಳನ್ನು ಜೋಡಿಸಿಟ್ಟಿದ್ದರೂ ಕೊಳ್ಳುವವರು ಇದೊಂದೇ ಪ್ರಶ್ನೆಯಿಂದ ಅಳೆಯಬೇಕು.

ಹೆಗ್ಗಡದೇವನಕೋಟೆ ತಾಲ್ಲೂಕಿನ ಅಂತರಸಂತೆಯಂಥ ಊರಿನಲ್ಲಿ ಈ ಪ್ರಶ್ನೆಗೆ ಸಿಗುವ ಉತ್ತರ ಕರಾವಳಿಯ ಉತ್ತರಕ್ಕಿಂತ ಬೇರೆ. ಕಬಿನಿ ಹಿನ್ನೀರಿನ ಈ ಪ್ರದೇಶ ಸಮುದ್ರ ಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿದೆ. ಕಡಲ ನೀರನ್ನು ವಾರವಾರ ತರಿಸುವುದು ಆಗದ ಮಾತು. ಮನೆಗೆ ಬರುವುದು ಬಹುಮಟ್ಟಿಗೆ ಬೋರ್‌ವೆಲ್ ನೀರು. ಬೇಸಿಗೆಯ ಹಗಲು 35 ಡಿಗ್ರಿ ಮುಟ್ಟಬಹುದು, ಡಿಸೆಂಬರ್, ಜನವರಿಯ ರಾತ್ರಿ 15-16 ಡಿಗ್ರಿಗೆ ಇಳಿಯಬಹುದು. ಕರೆಂಟ್ ಹೋಗುವುದು ಹೊಸ ಸಂಗತಿಯಲ್ಲ. ಆದ್ದರಿಂದ ಇಲ್ಲಿ ತೊಟ್ಟಿ ಕಟ್ಟುವವರು ಬೆಳಕು, ನೊರೆಯಾಗಿ ಕಸ ತೆಗೆಯುವ ಸ್ಕಿಮ್ಮರ್‌ಗಳಿಗಿಂತ ಮೊದಲು ನೀರಿಗೆ ಮತ್ತು ಬ್ಯಾಟರಿಗೆ ಹಣ ಎತ್ತಿಡುವುದು ವಿವೇಕ.

ಅದಕ್ಕೂ ಮೊದಲು ಕಾನೂನು. ದಿಬ್ಬ ಕಟ್ಟುವ ಎಲ್ಲ ಗಟ್ಟಿ ಹವಳಗಳು, ಕಪ್ಪು ಹವಳ, ಬೆಂಕಿ ಹವಳ, ಆರ್ಗನ್ ಪೈಪ್ ಹವಳ ಮತ್ತು ಬೀಸಣಿಗೆಯಾಕಾರದ ಗಾರ್ಗೋನಿಯನ್‌ಗಳನ್ನು 2001ರಲ್ಲಿ ವನ್ಯಜೀವಿ (ಸಂರಕ್ಷಣೆ) ಕಾಯ್ದೆ 1972ರ ಒಂದನೇ ಅನುಸೂಚಿಗೆ ಸೇರಿಸಲಾಯಿತು. ನಾಗರಹೊಳೆಯ ಅಂತರಸಂತೆ ವಲಯದಲ್ಲಿ ಓಡಾಡುವ ಹುಲಿ, ಆನೆಗಳು ಇರುವುದೂ ಅದೇ ಅನುಸೂಚಿಯಲ್ಲಿ. ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಬೆಳೆದಿರುವ ಹವಳವಾಗಲಿ, ಮನ್ನಾರ್ ಕೊಲ್ಲಿಯಿಂದ ಎತ್ತಿದ ಹವಳದ ತುಂಡಾಗಲಿ ಮನೆಯ ತೊಟ್ಟಿಗೆ ಬರುವಂತಿಲ್ಲ. ಕಡಲಕುದುರೆ, ಕಡಲಸೌತೆಗಳಿಗೂ ಕಾಯ್ದೆಯ ರಕ್ಷಣೆಯಿದೆ. ‘ಲೈವ್ ರಾಕ್’ ಹೆಸರಿನಲ್ಲಿ ಮಾರುವ ಕಲ್ಲು ಹಲವು ಬಾರಿ ಸತ್ತ ಹವಳದ ಅಸ್ಥಿಪಂಜರವೇ ಆಗಿರುವುದರಿಂದ ಅದನ್ನೂ ಕೊಳ್ಳಬಾರದು. ಮನೆಯ ತೊಟ್ಟಿಗೆ ಉಳಿಯುವುದು ಅನುಸೂಚಿಯಲ್ಲಿಲ್ಲದ ಮೆತ್ತನೆಯ ಬಗೆಗಳು: ಅಣಬೆ ಹವಳ, ಜೊವಾಂಥಿಡ್, ಲೆದರ್ ಕೋರಲ್. ಅವುಗಳಿಗೂ ಬಿಲ್ಲು ಮತ್ತು ಮೂಲದ ದಾಖಲೆ ಕೇಳಿ ಪಡೆಯಬೇಕು. ಉಪಕರಣದ ಆಯ್ಕೆಗೂ ಇದರಿಂದ ಒಂದು ಲಾಭವಿದೆ. ಮೆತ್ತನೆಯ ಹವಳಗಳಿಗೆ ಗಟ್ಟಿ ಹವಳದಷ್ಟು ಪ್ರಖರ ಬೆಳಕು ಬೇಕಿಲ್ಲ, ಕ್ಯಾಲ್ಸಿಯಂ ಸುರಿಯುವ ಡೋಸಿಂಗ್ ಯಂತ್ರವೂ ಬೇಕಿಲ್ಲ.

ತೊಟ್ಟಿಯ ಅಳತೆಯಲ್ಲಿ ಜಿಪುಣತನ ಮಾಡಬಾರದು. ಮೇಜಿನ ಮೇಲಿಡುವ 20 ಲೀಟರಿನ ಪುಟ್ಟ ತೊಟ್ಟಿ ಅಗ್ಗವೆನಿಸಿದರೂ ನಿಭಾಯಿಸಲು ಅದೇ ಹೆಚ್ಚು ಕಷ್ಟ, ಏಕೆಂದರೆ ಸಣ್ಣ ತಪ್ಪೂ ಅದರಲ್ಲಿ ದೊಡ್ಡದಾಗುತ್ತದೆ. ಎರಡು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿಯ ಒಟ್ಟು ಅಳತೆ ಸುಮಾರು 127 ಲೀಟರ್. ಕಲ್ಲು, ಮರಳು ಕಳೆದು ನಿಜವಾಗಿ ಹಿಡಿಯುವ ನೀರು ನೂರರ ಆಸುಪಾಸು. ಆರಂಭಕ್ಕೆ ಇದು ಒಳ್ಳೆಯ ಗಾತ್ರ. ತುಂಬಿದ ಮೇಲೆ ತೂಕ 150 ಕಿಲೋ ದಾಟುವುದರಿಂದ ಮಟ್ಟವಾದ ನೆಲ, ಗಟ್ಟಿ ಸ್ಟ್ಯಾಂಡ್ ಬೇಕು. ಕಿಟಕಿಯ ಬಿಸಿಲು ನೇರವಾಗಿ ಬೀಳಬಾರದು.

ನೀರಿನ ವಿಷಯಕ್ಕೆ ಬಂದರೆ, ಬೋರ್‌ವೆಲ್ ನೀರನ್ನು ಹಾಗೇ ಬಳಸುವುದು ತೊಂದರೆಗೆ ದಾರಿ. ಅದರಲ್ಲಿರುವ ಸಿಲಿಕಾ ಮತ್ತು ಗೊಬ್ಬರ ಹಾಕಿದ ಹೊಲಗಳಿಂದ ಇಳಿದು ಬಂದ ನೈಟ್ರೇಟ್ ಪಾಚಿಗೆ ಆಹಾರವಾಗುತ್ತವೆ. ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ನಾಣ್ಯ ಹಾಕಿ ತುಂಬಿಸಿಕೊಳ್ಳುವ 20 ಲೀಟರ್ ಕ್ಯಾನಿನ ನೀರು ಆರ್‌ಒ ನೀರೇ ಆದ್ದರಿಂದ ಒಳ್ಳೆಯ ಆರಂಭ. ಆದರೆ ಕುಡಿಯುವ ನೀರಿನಲ್ಲಿ ರುಚಿಗಾಗಿ ಒಂದಷ್ಟು ಲವಣ ಉಳಿಸಿರುತ್ತಾರೆ. ಮನೆಯ ಆರ್‌ಒ ಯಂತ್ರಗಳಲ್ಲೂ ಹಸಿ ನೀರನ್ನು ಬೆರೆಸುವ ಟಿಡಿಎಸ್ ಗುಂಡಿ ಇರುತ್ತದೆ. ಪೆನ್ನಿನಷ್ಟೇ ಗಾತ್ರದ, ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಅದ್ದಿ ನೋಡಿದರೆ ನಿಜ ತಿಳಿಯುತ್ತದೆ. ಅಕ್ವೇರಿಯಂಗೆ ಅಂಕಿ ಸೊನ್ನೆಯ ಹತ್ತಿರ ಇರಬೇಕು. ಅದಕ್ಕಾಗಿ ಆರ್‌ಒ ನೀರನ್ನು ಉಳಿದ ಲವಣ ಹೀರುವ ಡಿಐ ರೆಸಿನ್ ತುಂಬಿದ ಕೊಳವೆಯ ಮೂಲಕ ಹಾಯಿಸಬೇಕು. ಹೊರಲು, ಕೂಡಿಡಲು ಪ್ಲಾಸ್ಟಿಕ್ ಕ್ಯಾನೇ ಸರಿ. ಮನೆಯಲ್ಲಿರುವ ತಾಮ್ರದ ಬಿಂದಿಗೆ, ಹಿತ್ತಾಳೆಯ ಕೊಡ ಈ ಕೆಲಸಕ್ಕೆ ಬೇಡ. ಮನುಷ್ಯರು ನೆಮ್ಮದಿಯಿಂದ ಕುಡಿಯುವಷ್ಟು ಅಲ್ಪ ತಾಮ್ರವೂ ಸಿಗಡಿ, ಶಂಖದ ಹುಳು, ಹವಳಗಳಿಗೆ ವಿಷ.

ಶುದ್ಧ ನೀರಿಗೆ ಅಕ್ವೇರಿಯಂ ಉಪ್ಪನ್ನು ಬೆರೆಸಿ ಕಡಲ ನೀರು ತಯಾರಿಸಲಾಗುತ್ತದೆ. ಅಡುಗೆಯ ಉಪ್ಪಾಗಲಿ ಕಲ್ಲುಪ್ಪಾಗಲಿ ಇದಕ್ಕೆ ಸಾಲದು. ಕಡಲಿನಲ್ಲಿ ಕರಗಿರುವ ಲವಣಾಂಶದಲ್ಲಿ ಸೋಡಿಯಂ ಮತ್ತು ಕ್ಲೋರೈಡ್ ಸೇರಿ ಸುಮಾರು ಶೇ. 86 ಇದ್ದರೆ, ಉಳಿದ ಪಾಲಿನ ಸಲ್ಫೇಟ್, ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ, ಬೈಕಾರ್ಬನೇಟ್‌ಗಳಿಲ್ಲದೆ ಅಲ್ಲಿನ ಜೀವಿಗಳು ಬದುಕಲಾರವು. ಲೀಟರಿಗೆ ಸುಮಾರು 35ರಿಂದ 38 ಗ್ರಾಂ ಮಿಶ್ರಣ ಬೇಕು. ನೂರು ಲೀಟರಿಗೆ ನಾಲ್ಕು ಕಿಲೋದ ಹತ್ತಿರ. ಬೇರೊಂದು ಬಕೆಟ್‌ನಲ್ಲಿ ಪಂಪ್ ಓಡಿಸಿ, ಪೂರ್ತಿ ಕರಗಿಸಿದ ಮೇಲೆಯೇ ತೊಟ್ಟಿಗೆ ಸುರಿಯಬೇಕು. ಉಪ್ಪಿನಂಶ ಅಳೆಯಲು ತೇಲುಮುಳ್ಳಿನ ಪ್ಲಾಸ್ಟಿಕ್ ಡಬ್ಬಿಗಿಂತ ರಿಫ್ರಾಕ್ಟೋಮೀಟರ್ ಎಷ್ಟೋ ನಂಬಿಗಸ್ತ. ಗುರಿ ಸಾವಿರಕ್ಕೆ 35 ಪಾಲು, ಅಂದರೆ ಸಾಪೇಕ್ಷ ಸಾಂದ್ರತೆ 1.025ರಿಂದ 1.026.

ಇನ್ನು ಶೋಧನೆ. ಫಿಲ್ಟರ್ ಎಂದೊಡನೆ ಕಣ್ಣಿಗೆ ಬರುವುದು ಪಂಪಿನ ಡಬ್ಬಿ, ಆದರೆ ಹವಳದ ತೊಟ್ಟಿಯ ಮುಖ್ಯ ಫಿಲ್ಟರ್ ಅದರೊಳಗಿನ ಕಲ್ಲು. ಮೀನಿನ ಕಿವಿರಿನಿಂದ ಹೊರಬರುವ ಮತ್ತು ಕೊಳೆತ ಆಹಾರದಿಂದ ಹುಟ್ಟುವ ಅಮೋನಿಯಾ ಕಡು ವಿಷ. ಕಡಲ ನೀರಿನ ಪಿಎಚ್ 8.1ರಿಂದ 8.4 ಇರುವುದರಿಂದ ಅದರ ವಿಷಕಾರಿ ರೂಪದ ಪಾಲು ಸಿಹಿನೀರಿನಲ್ಲಿರುವುದಕ್ಕಿಂತ ಹೆಚ್ಚು. ಕಲ್ಲಿನ ಮೇಲ್ಮೈಯಲ್ಲಿ ನೆಲೆಸುವ ಸೂಕ್ಷ್ಮಜೀವಿಗಳಲ್ಲಿ ಒಂದು ಗುಂಪು ಅಮೋನಿಯಾವನ್ನು ನೈಟ್ರೈಟ್ ಆಗಿ, ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಆಗಿ ಮಾರ್ಪಡಿಸುತ್ತದೆ. ಈ ಎರಡೂ ಕೆಲಸಕ್ಕೆ ಆಮ್ಲಜನಕ ಬೇಕು. ಕಲ್ಲಿನ ಆಳದ ರಂಧ್ರಗಳಲ್ಲಿ ಆಮ್ಲಜನಕ ಇಲ್ಲದ ಕಡೆ ಮೂರನೆಯ ಗುಂಪು ನೈಟ್ರೇಟನ್ನು ಸಾರಜನಕದ ಅನಿಲವಾಗಿಸಿ ಹೊರಗೆ ಬಿಡುತ್ತದೆ. ಒಂದೇ ಕಲ್ಲಿನ ಹೊರಗೂ ಒಳಗೂ ಇಂಥ ವಿರುದ್ಧ ಕೆಲಸಗಳು ನಡೆಯುವುದು ಈ ಹವ್ಯಾಸದ ಅತಿ ಸುಂದರ ಸಂಗತಿ. ಯಾವ ಯಂತ್ರವೂ ಇಷ್ಟು ಅಗ್ಗವಾಗಿ ಇದನ್ನು ಮಾಡಲಾರದು. ಕಾನೂನಿಗೆ ತೊಡಕಿಲ್ಲದ, ಮನುಷ್ಯರೇ ತಯಾರಿಸಿದ ರಂಧ್ರಭರಿತ ಸೆರಾಮಿಕ್ ಕಲ್ಲು ನೂರು ಲೀಟರಿಗೆ 8ರಿಂದ 12 ಕಿಲೋ ಸಾಕು. ಅವುಗಳ ನಡುವೆ ನೀರು ಹಾಯುವಂತೆ ಜಾಗ ಬಿಟ್ಟು ಜೋಡಿಸಬೇಕು.

ಉಳಿದ ಫಿಲ್ಟರ್‌ಗಳು ಕಲ್ಲಿಗೆ ನೆರವು ಮಾತ್ರ. ಹಿಂಬದಿಗೆ ತೂಗುಹಾಕುವ ಸಣ್ಣ ಫಿಲ್ಟರಿನಲ್ಲಿ ಬಿಳಿ ಹತ್ತಿಯಂಥ ಫ್ಲಾಸ್ ಇಟ್ಟು, ವಾರಕ್ಕೆರಡು ಬಾರಿ ಬದಲಿಸಿದರೆ ತೇಲುವ ಕಸ ಕೊಳೆಯುವ ಮೊದಲೇ ಹೊರಹೋಗುತ್ತದೆ. ಬದಲಿಸದೆ ಬಿಟ್ಟರೆ ಆ ಕಸ ಅಲ್ಲೇ ಕೊಳೆತು ನೈಟ್ರೇಟ್ ಆಗುತ್ತದೆ. ದೊಡ್ಡ ಕ್ಯಾನಿಸ್ಟರ್ ಫಿಲ್ಟರ್‌ಗಳಿಗೂ ಇದೇ ದೋಷ, ಮುಚ್ಚಿದ ಡಬ್ಬಿಯನ್ನು ತೆರೆದು ತೊಳೆಯುವ ಕೆಲಸ ಮುಂದೂಡಲ್ಪಡುತ್ತದೆ. ಅಂಗಡಿಗಳಲ್ಲಿ ಈಗಲೂ ಸಿಗುವ, ಮರಳಿನಡಿ ಹಾಸುವ ಪ್ಲಾಸ್ಟಿಕ್ ತಟ್ಟೆಯ ಫಿಲ್ಟರ್ ಹವಳದ ತೊಟ್ಟಿಗೆ ಬೇಡವೇ ಬೇಡ. ತಿಂಗಳಿಗೊಮ್ಮೆ ಬದಲಿಸುವ ಒಂದು ಹಿಡಿ ಆಕ್ಟಿವೇಟೆಡ್ ಕಾರ್ಬನ್ ನೀರಿನ ಹಳದಿ ಬಣ್ಣ ತೆಗೆಯುತ್ತದೆ. ಮೆತ್ತನೆಯ ಹವಳಗಳು ಪರಸ್ಪರ ಹೋರಾಡಲು ಬಿಡುವ ರಾಸಾಯನಿಕಗಳನ್ನೂ ಹೀರುತ್ತದೆ.

ಪ್ರೋಟೀನ್ ಸ್ಕಿಮ್ಮರ್ ಬಗ್ಗೆ ಹೆಚ್ಚು ಚರ್ಚೆಯಿದೆ. ಕಡಲ ದಂಡೆಯಲ್ಲಿ ನೊರೆ ಕಟ್ಟುವುದಕ್ಕೆ ಕಾರಣವಾದ ತತ್ವವೇ ಇದರದ್ದೂ: ಪ್ರೋಟೀನ್ ಮತ್ತು ಕೊಬ್ಬಿನ ಅಣುಗಳು ನೀರು, ಗಾಳಿ ಸೇರುವ ಮೇಲ್ಮೈಗೆ ಅಂಟಿಕೊಳ್ಳುತ್ತವೆ. ಕೊಳವೆಯಲ್ಲಿ ಲಕ್ಷಾಂತರ ಸಣ್ಣ ಗುಳ್ಳೆ ಎಬ್ಬಿಸಿದರೆ ಅವು ಕಂದು ನೊರೆಯಾಗಿ ಮೇಲಿನ ಬಟ್ಟಲಿಗೆ ಬೀಳುತ್ತವೆ, ಕೊಳೆಯುವ ಮೊದಲೇ ಹೊರಬರುತ್ತವೆ. ದೊಡ್ಡ ತೊಟ್ಟಿಗೆ ಇದು ಅಗತ್ಯ. ಆದರೆ ನೂರು ಲೀಟರ್, ಎರಡು ಮೂರು ಸಣ್ಣ ಮೀನು ಇರುವ ಕಡೆ ವಾರಕ್ಕೆ ಹತ್ತು ಲೀಟರ್ ನೀರು ಬದಲಿಸಿದರೆ ಆ ಕೆಲಸ ಮುಗಿಯುತ್ತದೆ. ಹತ್ತು ಲೀಟರಿಗೆ ಬೇಕಾದದ್ದು ಸುಮಾರು 370 ಗ್ರಾಂ ಉಪ್ಪು. ಅಗ್ಗದ, ಸದ್ದು ಮಾಡುವ ಸ್ಕಿಮ್ಮರ್ ಕೊಳ್ಳುವ ಬದಲು ಆ ಹಣದಲ್ಲಿ ಉಪ್ಪು ಕೊಳ್ಳುವುದು ಮೇಲು.

ನೀರಿನ ಚಲನೆಗೆ ಗಂಟೆಗೆ ಸುಮಾರು 2,000 ಲೀಟರ್ ತಳ್ಳುವ ಒಂದು ವೇವ್ ಮೇಕರ್ ಸಾಕು. ಹವಳ ಕುಳಿತಲ್ಲೇ ಇರುವ ಪ್ರಾಣಿ; ಆಹಾರ, ಆಮ್ಲಜನಕ ಅದರ ಬಳಿಗೆ ಬರಬೇಕು, ಕಸ ಹರಿದು ಹೋಗಬೇಕು. ಈ ಪಂಪೇ ಮೇಲ್ಮೈಯನ್ನು ಕಲಕಿ ಗಾಳಿಯನ್ನೂ ಬೆರೆಸುತ್ತದೆ. ಇಲ್ಲಿ ಎತ್ತರದ ಪ್ರಭಾವ ಕಾಣುತ್ತದೆ. 26 ಡಿಗ್ರಿಯಲ್ಲಿ ಸಿಹಿನೀರು ಲೀಟರಿಗೆ 8 ಮಿಲಿಗ್ರಾಂ ಆಮ್ಲಜನಕ ಹಿಡಿದರೆ ಕಡಲ ನೀರು ಹಿಡಿಯುವುದು 6.7ರಷ್ಟು. 700 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಶೇ. 8ರಷ್ಟು ಕಡಿಮೆ ಇರುವುದರಿಂದ ಅದು 6.2ರ ಹತ್ತಿರಕ್ಕೆ ಇಳಿಯುತ್ತದೆ. ಜೀವಿಗಳಿಗೆ ಇಷ್ಟು ಸಾಕು, ಪಂಪ್ ಓಡುತ್ತಿರುವವರೆಗೆ. ನಿಂತರೆ ಮೀನು, ಹವಳ, ಕಲ್ಲಿನ ಬ್ಯಾಕ್ಟೀರಿಯಾ ಎಲ್ಲವೂ ಒಟ್ಟಿಗೆ ಇದ್ದ ಆಮ್ಲಜನಕವನ್ನು ಖಾಲಿ ಮಾಡುತ್ತವೆ. ಬೆಳಕಿಲ್ಲದ ರಾತ್ರಿಯಲ್ಲಿ ಕೆಲವೇ ಗಂಟೆಗಳಲ್ಲಿ ಅಪಾಯ ಬರುತ್ತದೆ.

ಆದ್ದರಿಂದ ಕರೆಂಟ್ ಹೋದಾಗ ಏನು ಎಂಬುದಕ್ಕೆ ಮೊದಲ ದಿನವೇ ಉತ್ತರ ಇರಬೇಕು. ಮನೆಗೆ ಯುಪಿಎಸ್ ಇದ್ದರೆ ವೇವ್ ಮೇಕರಿಗೆ ಪ್ರತ್ಯೇಕ ಪ್ಲಗ್ ಕೊಡಿಸಿದರಾಯಿತು. 12 ವೋಲ್ಟ್, 150 ಆಂಪಿಯರ್-ಗಂಟೆಯ ಬ್ಯಾಟರಿಗೆ ಹತ್ತು ವಾಟಿನ ಪಂಪ್ ದೊಡ್ಡ ಹೊರೆಯಲ್ಲ. ಹೀಟರ್ ಮತ್ತು ಬೆಳಕನ್ನು ಅದಕ್ಕೆ ಸೇರಿಸಬಾರದು. ಯುಪಿಎಸ್ ಇಲ್ಲದವರಿಗೆ, ಕರೆಂಟ್ ಹೋದೊಡನೆ ತಾನೇ ಓಡತೊಡಗುವ ಬ್ಯಾಟರಿ ಏರ್ ಪಂಪ್ ಕಡಿಮೆ ಬೆಲೆಗೆ ಸಿಗುತ್ತದೆ. ಉಪ್ಪುನೀರು ವಿದ್ಯುತ್ತಿನ ಒಳ್ಳೆಯ ವಾಹಕವಾದ್ದರಿಂದ ಸೋರಿಕೆ ಕಂಡೊಡನೆ ಕರೆಂಟ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಮತ್ತು ಸರಿಯಾದ ಅರ್ಥಿಂಗ್ ಇಲ್ಲದೆ ಯಾವ ಯಂತ್ರವನ್ನೂ ನೀರಿಗಿಳಿಸಬಾರದು.

ಉಷ್ಣತೆ 25ರಿಂದ 27 ಡಿಗ್ರಿ ಇರಬೇಕು. 30 ಡಿಗ್ರಿ ದಾಟಿ ದಿನಗಟ್ಟಲೆ ನಿಂತರೆ ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಚಳಿಗಾಲಕ್ಕೆ 100 ವಾಟಿನ ಹೀಟರ್ ಬೇಕು. ಬೇಸಿಗೆಗೆ ದುಬಾರಿ ಚಿಲ್ಲರ್ ಇಲ್ಲಿ ಸಾಮಾನ್ಯವಾಗಿ ಬೇಕಾಗುವುದಿಲ್ಲ. ನೀರಿನ ಮೇಲೆ ಬೀಸುವ ಒಂದು ಸಣ್ಣ ಫ್ಯಾನ್ ಎರಡರಿಂದ ನಾಲ್ಕು ಡಿಗ್ರಿ ಇಳಿಸುತ್ತದೆ, ಏಕೆಂದರೆ ಒಂದು ಲೀಟರ್ ನೀರು ಆವಿಯಾಗಲು ಸುಮಾರು 2,400 ಕಿಲೋಜೌಲ್ ಶಾಖ ಎಳೆದುಕೊಳ್ಳುತ್ತದೆ. ಮಂಗಳೂರಿನ ತೇವ ತುಂಬಿದ ಗಾಳಿಯಲ್ಲಿ ಈ ಉಪಾಯ ಅಷ್ಟು ಫಲಿಸದು. ಹೆಗ್ಗಡದೇವನಕೋಟೆ ಕಡೆಯ ಮಾರ್ಚ್ ತಿಂಗಳ ಒಣ ಗಾಳಿಯಲ್ಲಿ ಚೆನ್ನಾಗಿ ಫಲಿಸುತ್ತದೆ.

ಫ್ಯಾನಿನ ಜೊತೆಗೆ ಒಂದು ಹೊಣೆಯೂ ಬರುತ್ತದೆ. ಆವಿಯಾಗುವುದು ನೀರು, ಉಪ್ಪು ಅಲ್ಲೇ ಉಳಿಯುತ್ತದೆ. ದಿನಕ್ಕೆ ಎರಡು ಲೀಟರಿನಂತೆ ಐದು ದಿನ ಆವಿಯಾಗಿ, ಯಾರೂ ನೀರು ಹಾಕದಿದ್ದರೆ 35ರ ಉಪ್ಪಿನಂಶ 39ರ ಹತ್ತಿರ ಹೋಗುತ್ತದೆ. ನೆಂಟರ ಮನೆಗೆ ನಾಲ್ಕೈದು ದಿನ ಹೋಗಿಬರುವಷ್ಟರಲ್ಲಿ ತೊಟ್ಟಿ ಹಾಳಾಗಲು ಇದು ಸಾಕು. ಮಟ್ಟ ಇಳಿದಂತೆ ಸಿಹಿನೀರು ಬಿಡುವ ಫ್ಲೋಟ್ ವಾಲ್ವ್ ಮತ್ತು ಮೇಲೆ ಇಟ್ಟ 20 ಲೀಟರ್ ಕ್ಯಾನ್ ಇದ್ದರೆ ಈ ಚಿಂತೆ ಇಲ್ಲ. ಅದಕ್ಕೆ ತುಂಬಿಸುವುದು ಶುದ್ಧ ಸಿಹಿನೀರು, ಉಪ್ಪುನೀರಲ್ಲ.

ಬೆಳಕಿಗೆ 30ರಿಂದ 50 ವಾಟಿನ, ನೀಲಿ ಪ್ರಧಾನವಾದ ಎಲ್‌ಇಡಿ ಸಾಕು. ದಿನಕ್ಕೆ ಎಂಟು ಗಂಟೆ, ಟೈಮರ್ ಇಟ್ಟು.

ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಹೊಗೆಸೊಪ್ಪಿನ ಸೀಮೆಗೆ ಒಂದು ವಿಶೇಷ ಎಚ್ಚರ ಬೇಕು. ನಿಕೋಟಿನ್ ಮೀನಿಗೆ ವಿಷ, ಬೆಳೆಗೆ ಹೊಡೆಯುವ ಕೀಟನಾಶಕ ಸಿಗಡಿಗೆ ಅದಕ್ಕಿಂತ ದೊಡ್ಡ ವಿಷ. ಸೊಪ್ಪು ಮುಟ್ಟಿದ, ಔಷಧಿ ಸಿಂಪಡಿಸಿದ ಕೈಯನ್ನು ಚೆನ್ನಾಗಿ ತೊಳೆಯದೆ ತೊಟ್ಟಿಗಿಡಬಾರದು. ಏರ್ ಪಂಪನ್ನು ಸೊಳ್ಳೆಬತ್ತಿ, ಸೊಪ್ಪು ಹದಮಾಡುವ ಬ್ಯಾರನ್ನಿನ ಹೊಗೆ ಬರುವ ಕಡೆ ಇಡಬಾರದು. ಜೊವಾಂಥಿಡ್‌ಗಳ ವಿಷಯದಲ್ಲಿ ಅಪಾಯ ತಿರುಗಿ ಮನುಷ್ಯರ ಕಡೆಗಿದೆ. ಕೆಲವು ಬಗೆಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ಉಗ್ರ ವಿಷವಿರುವುದರಿಂದ ಅವು ಅಂಟಿದ ಕಲ್ಲನ್ನು ಬಿಸಿನೀರಿಗೆ ಹಾಕಬಾರದು, ಕೈಗವಸಿಲ್ಲದೆ ಕೆರೆಯಬಾರದು.

ಎಲ್ಲ ಜೋಡಿಸಿದ ಮೇಲೆ ಕಾಯಬೇಕು. ಚಿಟಿಕೆ ಮೀನಿನ ಆಹಾರ ಹಾಕಿದ ಮೇಲೆ ಅಮೋನಿಯಾ ಮತ್ತು ನೈಟ್ರೈಟ್ ಏರಿ ಮತ್ತೆ ಸೊನ್ನೆಗೆ ಇಳಿಯಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಟೆಸ್ಟ್ ಕಿಟ್ ಇದನ್ನು ತೋರಿಸುತ್ತದೆ. ಮೊದಲ ಮೀನಾಗಿ ಕ್ಲೌನ್ ಮೀನಿನ ಜೋಡಿಯೇ ಸೂಕ್ತ. ಕೊಚ್ಚಿಯಲ್ಲಿ ಕೇಂದ್ರ ಕಚೇರಿ, ಮಂಗಳೂರು ಹಾಗೂ ಕಾರವಾರಗಳಲ್ಲಿ ಶಾಖೆಗಳಿರುವ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ (ಸಿಎಂಎಫ್‌ಆರ್‌ಐ) ಇದರ ಮರಿ ಮಾಡಿಸುವ ವಿಧಾನವನ್ನು ರೂಪಿಸಿದೆ. ತೊಟ್ಟಿಯಲ್ಲೇ ಹುಟ್ಟಿದ ಮರಿ ಕೇಳಿ ಕೊಂಡರೆ ಕಡಲಿನ ದಿಬ್ಬ ಖಾಲಿಯಾಗುವುದಿಲ್ಲ, ಮೀನೂ ಮನೆಗೆ ಬೇಗ ಒಗ್ಗುತ್ತದೆ. ಹವಳದ ಸರದಿ ಇನ್ನೂ ಒಂದೆರಡು ತಿಂಗಳ ನಂತರ.

ಬದಲಿಸಿ ತೆಗೆದ ಹತ್ತು ಲೀಟರ್ ನೀರಿನಲ್ಲಿ ಸುಮಾರು 350 ಗ್ರಾಂ ಉಪ್ಪು ಕರಗಿರುತ್ತದೆ. ಅದನ್ನು ಬಚ್ಚಲಿಗೆ ಸುರಿದು ಹೆಚ್ಚು ನೀರು ಬಿಡಬೇಕು. ಹಿತ್ತಲ ಗಿಡದ ಬುಡಕ್ಕೆ, ಕೆರೆಗೆ, ನಾಲೆಗೆ ಸುರಿಯಬಾರದು.